ಮಳೆಗಾಲದ ಜ್ವರ: ಲ್ಯಾಬ್ ವರದಿಗೊಂದು ವ್ಯಾಖ್ಯಾನ

ಪುತ್ತೂರು, ಸುಳ್ಯ, ಕಡಬದ ಕಡೆ ಮಳೆ ಹಿಡಿಯಿತೆಂದರೆ ಜ್ವರವೂ ಬಂತೆಂದೇ ಲೆಕ್ಕ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ, ರಬ್ಬರ್ ಹಾಲು ಹಿಡಿಯುವ ಗೆರಟೆಯಲ್ಲಿ ನಿಂತ ಅಂಗೈಯಷ್ಟು ನೀರು ಈಡಿಸ್ ಸೊಳ್ಳೆಯ ಮರಿಗಳಿಗೆ ಧಾರಾಳವಾಯಿತು. ಜ್ವರ ಬಂದವರಲ್ಲಿ ಹಲವರು ಡಾಕ್ಟರನ್ನು ಕಾಣುವ ಮೊದಲೇ ಪೇಟೆಯ ಖಾಸಗಿ ಲ್ಯಾಬಿಗೆ ಹೋಗಿ ರಕ್ತ ಕೊಡುತ್ತಾರೆ. ಸಂಜೆ ವಾಟ್ಸಾಪಿನಲ್ಲಿ ವರದಿ ಬರುತ್ತದೆ, ದಪ್ಪಕ್ಷರದ ಸಂಖ್ಯೆ ಕಂಡು ಮನೆಮಂದಿ ಹೆದರುತ್ತಾರೆ. ಇಲ್ಲಿ ಸಾಮಾನ್ಯವಾಗಿ ಸಿಗುವಂಥ ಒಂದು ಮಾದರಿ ವರದಿಯನ್ನು ಸಾಲು ಹಿಡಿದು ಓದೋಣ.

“ಗಂಡು, 46 ವರ್ಷ. ರಕ್ತ ತೆಗೆದದ್ದು ಬೆಳಿಗ್ಗೆ 9.40”

ಯಾರೂ ಓದದ ಸಾಲು ಇದು. ಇದರಲ್ಲಿ ಮುಖ್ಯವಾದ ಒಂದು ಮಾತು ಬಿಟ್ಟುಹೋಗಿದೆ: ಇದು ಜ್ವರದ ಎಷ್ಟನೇ ದಿನ? ಅದು ಗೊತ್ತಿಲ್ಲದೆ ಕೆಳಗಿನ ಯಾವ ಸಂಖ್ಯೆಗೂ ಪೂರ್ತಿ ಅರ್ಥವಿಲ್ಲ. ಪೆನ್ನು ತೆಗೆದು ವರದಿಯ ನೆತ್ತಿಯ ಮೇಲೆ ನೀವೇ ಬರೆಯಿರಿ. ನಮ್ಮ ಮಾದರಿಯಲ್ಲಿ ಅದು ನಾಲ್ಕನೇ ದಿನ ಎಂದಿಟ್ಟುಕೊಳ್ಳೋಣ.

“ಹಿಮೋಗ್ಲೋಬಿನ್ 14.6”

ಸರಿಯಾಗಿದೆ. ಪಕ್ಕದಲ್ಲಿ ಕೊಡುವ ಮಿತಿಗಳ ಬಗ್ಗೆ ಮಾತ್ರ ಒಂದು ಮಾತು. ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿಯ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಇರುತ್ತದೋ ಅದೇ ಆ ಮಿತಿ. ಗಟ್ಟಿಮುಟ್ಟಾಗಿರುವ ಉಳಿದ ಐವರು ಅದರ ಹೊರಗೇ ಇರುತ್ತಾರೆ. ದಪ್ಪಕ್ಷರದಲ್ಲಿ ಬಂದದ್ದೆಲ್ಲ ರೋಗವಲ್ಲ.

“ಒಟ್ಟು ಬಿಳಿ ರಕ್ತಕಣ 3,100 (4,000–11,000)”

ಡೆಂಗಿಯಲ್ಲಿ ಮೊದಲು ಇಳಿಯುವುದು ಸಾಮಾನ್ಯವಾಗಿ ಇದೇ, ಪ್ಲೇಟ್‌ಲೆಟ್ ಇಳಿಯುವುದು ಆಮೇಲೆ. ಇದೇ ಜಾಗದಲ್ಲಿ 14,000 ಇದ್ದರೆ ಡಾಕ್ಟರು ಬೇರೆ ದಿಕ್ಕಿನಲ್ಲಿ ಯೋಚಿಸುತ್ತಾರೆ.

“ಪ್ಲೇಟ್‌ಲೆಟ್ 92,000 (1,50,000–4,50,000)”

ಊರಿಗೆ ಊರೇ ಓದುವ ಸಾಲು. ಡೆಂಗಿಯಲ್ಲಿ ಈ ಇಳಿತ ನಿರೀಕ್ಷಿತವೇ. ಜ್ವರ ಬಿಡುವ ಹೊತ್ತಿಗೆ ತೀರಾ ಕೆಳಗೆ ಹೋಗಿ, ಆಮೇಲೆ ಎರಡು ಮೂರು ದಿನದಲ್ಲಿ ತಾನಾಗಿ ಏರತೊಡಗುತ್ತದೆ. ಬಪ್ಪಂಗಾಯಿ ಎಲೆಯ ರಸ ಕುಡಿಸಿದ್ದಕ್ಕೆ ಏರಿತು ಎನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಕುಡಿಯದವರಲ್ಲೂ ಅದೇ ದಿನಗಳಲ್ಲಿ ಏರುತ್ತದೆ. ಆ ಕಹಿಗೆ ವಾಂತಿಯಾಗಿ ಮೈಯಲ್ಲಿದ್ದ ನೀರೂ ಹೋಗುವುದು ಮಾತ್ರ ನಿಜವಾದ ನಷ್ಟ. ರಕ್ತಸ್ರಾವ ಇಲ್ಲದವರಿಗೆ 10,000ಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಕೊಡುವ ಅಗತ್ಯ ಬರುವುದಿಲ್ಲ. ಹಾಗಾಗಿ 92,000 ನೋಡಿದ ಕೂಡಲೇ ಮಂಗಳೂರಿಗೆ ಕಾರು ಮಾಡಬೇಕಾಗಿಲ್ಲ.

ಯಂತ್ರದ ಎಣಿಕೆಯೂ ತಪ್ಪಬಹುದು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಯಂತ್ರ ಆ ಗುಂಪನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ರೋಗಿ ಚೆನ್ನಾಗಿದ್ದು ಸಂಖ್ಯೆ ಮಾತ್ರ ಪಾತಾಳದಲ್ಲಿದ್ದರೆ, ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದು ಲ್ಯಾಬಿನವರನ್ನು ಕೇಳುವುದಕ್ಕೆ ಸಂಕೋಚ ಬೇಡ.

“ಪಿಸಿವಿ 44”

ಜೀವ ಉಳಿಸುವ ಸಾಲು ಇದು, ಯಾರ ಕಣ್ಣಿಗೂ ಬೀಳುವುದಿಲ್ಲ. ರಕ್ತದಲ್ಲಿ ಕೆಂಪು ಕಣಗಳ ಪಾಲು ಶೇಕಡ ಎಷ್ಟು ಎಂಬ ಲೆಕ್ಕ. ಡೆಂಗಿಯಲ್ಲಿ ಆಪತ್ತು ಬರುವುದು ಹೆಚ್ಚಾಗಿ ಪ್ಲೇಟ್‌ಲೆಟ್ ಕಡಿಮೆಯಾದದ್ದರಿಂದ ಅಲ್ಲ. ರಕ್ತನಾಳಗಳಿಂದ ನೀರಿನಂಶ ಹೊರಕ್ಕೆ ಸೋರಿ ಬಿಪಿ ಕುಸಿಯುವುದರಿಂದ. ನೀರು ಸೋರಿದಾಗ ಉಳಿದ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಇವತ್ತು 44 ಇದ್ದದ್ದು ನಾಡಿದ್ದು 53 ಆದರೆ ಶೇಕಡ 20ರಷ್ಟು ಏರಿದಂತಾಯಿತು. ಅದು ಆಸ್ಪತ್ರೆಗೆ ಸೇರಿಸಲೇಬೇಕಾದ ಸೂಚನೆ. ಇವತ್ತಿನ 44 ಒಂದೇ ನೋಡಿದರೆ ಏನೂ ತಿಳಿಯುವುದಿಲ್ಲ. ನಿನ್ನೆಯದೂ ನಾಳೆಯದೂ ಪಕ್ಕದಲ್ಲಿ ಬೇಕು, ಆದಷ್ಟು ಒಂದೇ ಲ್ಯಾಬಿನದು. ಈ ಸೋರಿಕೆ ನಡೆಯುವುದು ಜ್ವರ ಇಳಿಯುವ ಆಸುಪಾಸಿನ ಒಂದೆರಡು ದಿನಗಳಲ್ಲಿ, ಅಂದರೆ “ಇನ್ನು ಗುಣವಾಯಿತು” ಎಂದು ತೋಟಕ್ಕೆ ಹೊರಡುವ ಹೊತ್ತಿನಲ್ಲಿ.

“ಡೆಂಗಿ ಎನ್‌ಎಸ್‌1 ಪಾಸಿಟಿವ್, ಐಜಿಎಂ ನೆಗೆಟಿವ್”

ಒಂದು ಹೌದು, ಇನ್ನೊಂದು ಅಲ್ಲ ಎನ್ನುತ್ತದಲ್ಲ ಎಂದು ಗೊಂದಲ ಬೇಡ. ಎನ್‌ಎಸ್‌1 ವೈರಸ್ಸಿನದೇ ಅಂಶ, ಜ್ವರದ ಮೊದಲ ನಾಲ್ಕೈದು ದಿನ ಚೆನ್ನಾಗಿ ಸಿಗುತ್ತದೆ. ಐಜಿಎಂ ನಮ್ಮ ಮೈ ಮಾಡುವ ಪ್ರತಿಕಾಯ, ಐದನೇ ದಿನದ ಸುಮಾರಿಗೆ ಕಾಣಿಸಿಕೊಳ್ಳುತ್ತದೆ. ಹಾಗಾಗಿ ನಾಲ್ಕನೇ ದಿನಕ್ಕೆ ಈ ಫಲಿತಾಂಶ ಸರಿಹೊಂದುತ್ತದೆ. ಎಂಟನೇ ದಿನ ಎನ್‌ಎಸ್‌1 ಮಾತ್ರ ಮಾಡಿಸಿ ನೆಗೆಟಿವ್ ಬಂತೆಂದು ಸಮಾಧಾನಪಟ್ಟರೆ ಹಣವೂ ದಂಡ, ಧೈರ್ಯವೂ ಸುಳ್ಳು. ಹಣದ ಮಾತು ಬಂತು: 2024ರ ಜುಲೈಯಲ್ಲಿ ರಾಜ್ಯ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ಕಟ್ಟಿತು. ಎಲಿಸಾ ವಿಧಾನದಲ್ಲಿ ಎನ್‌ಎಸ್‌1ಕ್ಕೆ 300 ರೂಪಾಯಿ, ಐಜಿಎಂಗೆ 300, ಕಾರ್ಡ್ ಪರೀಕ್ಷೆಗೆ 250. ಕಾರ್ಡಿಗಿಂತ ಎಲಿಸಾ ಹೆಚ್ಚು ನಂಬಿಕೆಯದು.

“ವಿಡಾಲ್: ಓ 1:80, ಎಚ್ 1:80”

ಇದನ್ನು ತೋರಿಸಿ “ಡೆಂಗಿ ಜೊತೆಗೆ ಟೈಫಾಯ್ಡೂ ಉಂಟು” ಎನ್ನುವುದು ನಮ್ಮಲ್ಲಿ ಮಾಮೂಲು. 1896ರಿಂದ ಬಂದ ಪರೀಕ್ಷೆ ಇದು. ನಮ್ಮ ನಾಡಿನಲ್ಲಿ ಆರೋಗ್ಯವಂತರಲ್ಲೂ 1:80 ಸಿಗುತ್ತದೆ. ಇದೊಂದರ ಬಲದಲ್ಲಿ ಆ್ಯಂಟಿಬಯೋಟಿಕ್ ನುಂಗುವುದು ಖಂಡಿತ ತಪ್ಪು. ಟೈಫಾಯ್ಡ್ ಗಟ್ಟಿ ಮಾಡಿಕೊಳ್ಳಬೇಕಾದರೆ ಆ್ಯಂಟಿಬಯೋಟಿಕ್ ಶುರುಮಾಡುವ ಮೊದಲೇ ರಕ್ತದ ಕಲ್ಚರ್ ಮಾಡಿಸಬೇಕು.

ವರದಿಯಲ್ಲಿ ಇಲ್ಲದ ಸಾಲು

ಇಲಿಜ್ವರ. ಗದ್ದೆಯ ಕೆಸರಿಗೆ, ತೋಟದ ಕಣಿಗೆ ಬರಿಗಾಲಲ್ಲಿ ಇಳಿದವರು ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು, ಲ್ಯಾಬಿಗೆ ಅದು ಗೊತ್ತಾಗುವುದಿಲ್ಲ. ಕಣ್ಣು ಕೆಂಪಾಗಿ, ಮೀನಖಂಡ ಮುಟ್ಟಿದರೆ ನೋಯುತ್ತ, ಮೂತ್ರ ಕಡಿಮೆಯಾದರೆ ಕ್ರಿಯಾಟಿನಿನ್, ಬಿಲಿರುಬಿನ್ ನೋಡಬೇಕಾಗುತ್ತದೆ. ಈ ಜ್ವರಕ್ಕೆ ಆ್ಯಂಟಿಬಯೋಟಿಕ್ ಬೇಕು, ಅದೂ ತಡಮಾಡದೆ. ಮೇಲೆ ಹೇಳಿದ 14,000ದ ಬಿಳಿ ಕಣ ಇಲ್ಲಿ ನೆನಪಿಗೆ ಬರಬೇಕು.

“ಫಲಿತಾಂಶವನ್ನು ರೋಗಲಕ್ಷಣಗಳೊಂದಿಗೆ ಹೊಂದಿಸಿ ನೋಡತಕ್ಕದ್ದು”

ವರದಿಯ ಬುಡದ ಸಣ್ಣಕ್ಷರ. ಲ್ಯಾಬಿನವರು ಇದನ್ನು ಸುಮ್ಮನೆ ಅಚ್ಚುಹಾಕಿಲ್ಲ. ರೋಗಿಯನ್ನು ಮುಟ್ಟಿ ನೋಡುವ ಡಾಕ್ಟರು ಸುಳ್ಯದ ಮೆಡಿಕಲ್ ಕಾಲೇಜಿನವರಾಗಲಿ, ಪುತ್ತೂರಿನ ತಾಲೂಕು ಆಸ್ಪತ್ರೆಯವರಾಗಲಿ, ಕಡಬದ ಸಮುದಾಯ ಆರೋಗ್ಯ ಕೇಂದ್ರದವರಾಗಲಿ, ಮೂರು ದಿನದ ವರದಿಗಳನ್ನೂ ಒಟ್ಟಿಗೆ ಅವರ ಮುಂದಿಡಿ. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ ಸಾಕು. ಮೈಕೈ ನೋವಿಗೆಂದು ಬ್ರೂಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ. ಗಂಜಿ ತಿಳಿ, ಬೊಂಡ, ಓಆರ್‌ಎಸ್ ಧಾರಾಳವಾಗಿ ಕುಡಿಸಿ. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ನಿತ್ರಾಣ, ಇವುಗಳಲ್ಲಿ ಒಂದು ಕಂಡರೂ ಮುಂದಿನ ವರದಿಗೆ ಕಾಯಬೇಡಿ, ರಾತ್ರಿಯಾದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.