ಇಳಿಜಾರಿನಲ್ಲಿ ನ್ಯೂಟ್ರಲ್

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅಷ್ಟನ್ನೂ ಇಳಿದು ಬಂದು ನಿಂತ ಕೆಲವು ಕಾರುಗಳ ಮುಂದಿನ ಚಕ್ರದಿಂದ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಘಾಟಿ ಎಂದ ಮೇಲೆ ಇದೆಲ್ಲ ಇದ್ದದ್ದೇ ಎಂದುಕೊಂಡು ಚಾಲಕ ಕಾಫಿ ಕುಡಿದು ಹೊರಡುತ್ತಾನೆ. ಆದರೆ ಅದೇ ಘಾಟಿಯನ್ನು ಸೆಕೆಂಡ್ ಗೇರಿನಲ್ಲಿ ಇಳಿದ ಕಾರಿನಲ್ಲಿ ಆ ವಾಸನೆ ಇರುವುದಿಲ್ಲ.

ಇಳಿಜಾರು ಕಂಡೊಡನೆ ನ್ಯೂಟ್ರಲ್‌ಗೆ ಹಾಕಿ, ಬ್ರೇಕಿನ ಮೇಲೆ ಕಾಲೂರಿ ಜಾರಿಬಿಡುವ ರೂಢಿಗೆ ಇರುವ ಸಮರ್ಥನೆ ಒಂದೇ: ಪೆಟ್ರೋಲ್ ಉಳಿತಾಯ. ಕಾರ್ಬ್ಯುರೇಟರ್ ಕಾಲದಲ್ಲಿ ಅದರಲ್ಲಿ ಒಂದಿಷ್ಟು ಹುರುಳಿತ್ತು. ಈಗಿನ ಇಂಜೆಕ್ಷನ್ ಎಂಜಿನ್‌ಗಳ ಲೆಕ್ಕ ಬೇರೆ. ಗೇರಿನಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನವೇ ನಿಂತುಹೋಗುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ಇಂಧನ ಉರಿಯುತ್ತಲೇ ಇರಬೇಕು. ಉಳಿತಾಯದ ಹೆಸರಿನಲ್ಲಿ ಖರ್ಚೇ ಹೆಚ್ಚು! ಎಂಜಿನ್ನನ್ನೇ ಆಫ್ ಮಾಡಿ ಇಳಿಸುವುದಂತೂ ಪ್ರಾಣಕ್ಕೆ ಸಂಚಕಾರ. ಎರಡು-ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದರ ಬೂಸ್ಟರಿನ ಬಲ ಮುಗಿದು ಪೆಡಲ್ ಕಲ್ಲಾಗುತ್ತದೆ.

ಬ್ರೇಕಿನ ಮೇಲೆ ಬೀಳುವ ಹೊರೆ ಎಷ್ಟೆಂದು ನೋಡಬೇಕು. ಜನರೂ ಸೇರಿ 1,200 ಕಿಲೋ ತೂಗುವ ಕಾರು 500 ಮೀಟರ್ ಎತ್ತರ ಇಳಿದರೆ ಸುಮಾರು 59 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಕರಗಬೇಕು. ಗಂಟೆಗೆ 60 ಕಿ.ಮೀ. ವೇಗದಿಂದ 35 ಬಾರಿ ಪೂರ್ತಿ ನಿಲ್ಲಿಸಿದರೆ ಹುಟ್ಟುವಷ್ಟು ಶಾಖ ಅದು. ಹದಿನೆಂಟು ಲೀಟರ್ ತಣ್ಣೀರು ಕುದಿಯಲು ಸಾಕು. ನ್ಯೂಟ್ರಲ್‌ನಲ್ಲಿ ಎಂಜಿನ್ ಇದರಲ್ಲಿ ಪಾಲು ಪಡೆಯುವುದೇ ಇಲ್ಲ.

ಶಾಖ ಮಿತಿ ಮೀರಿದಾಗ ಪ್ಯಾಡಿನೊಳಗಿನ ಅಂಟು ಅನಿಲ ಬಿಡುತ್ತದೆ, ಹಿಡಿತ ಕುಸಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇದ್ದರೂ ಕಾರು ನಿಲ್ಲದು. ಹಿಂದಿನ ಚಕ್ರದ ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ. ಇವೆರಡಕ್ಕಿಂತ ಭಯಂಕರವಾದದ್ದು ಬ್ರೇಕ್ ಆಯಿಲ್ ಕುದಿಯುವುದು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ, ಅದರಲ್ಲಿ ಶೇ. 3.7ರಷ್ಟು ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಕುದಿದ ಆಯಿಲಿನ ಆವಿ ಒತ್ತಿದರೆ ಕುಗ್ಗುತ್ತದೆ, ಒತ್ತಡ ಚಕ್ರಕ್ಕೆ ತಲುಪುವುದಿಲ್ಲ, ಪೆಡಲ್ ಮೆತ್ತಗೆ ನೆಲಕ್ಕೆ ಹೋಗುತ್ತದೆ. ವರ್ಷಗಟ್ಟಲೆ ಮಳೆನಾಡಿನಲ್ಲಿ ಓಡಿಯೂ ಆಯಿಲ್ ಬದಲಿಸದ ಕಾರಿಗೆ ಘಾಟಿಯೇ ಮೊದಲ ಪರೀಕ್ಷೆಯಾಗಿಬಿಡುವುದು ದುರಂತ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ದೊಡ್ಡ ಖರ್ಚೇನಲ್ಲ.

ಹತ್ತುವ ಗೇರಿನಲ್ಲೇ ಇಳಿಯಬೇಕು ಎಂಬ ಹಳೆಯ ಲಾರಿ ಚಾಲಕರ ಮಾತಿಗೆ ಇಂದಿಗೂ ತೂಕವಿದೆ. ಇಳಿಯುವ ಮೊದಲೇ ಸೆಕೆಂಡ್ ಗೇರ್ ಹಾಕಿ, ವೇಗ ಹೆಚ್ಚಿದಾಗ ಬ್ರೇಕನ್ನು ಚೆನ್ನಾಗಿ ಒತ್ತಿ, ವೇಗ ತಗ್ಗಿಸಿ, ಪೂರ್ತಿ ಬಿಡಬೇಕು. ಬಿಟ್ಟಾಗಲೇ ಡಿಸ್ಕಿಗೆ ಗಾಳಿ ತಾಗಿ ತಣಿಯುವುದು. ಆಟೊಮ್ಯಾಟಿಕ್ ಕಾರಿನಲ್ಲಿ ಎಲ್ ಅಥವಾ ಮ್ಯಾನ್ಯುವಲ್ ಮೋಡ್ ಇರುವುದು ಇದಕ್ಕಾಗಿಯೇ. ಎಲೆಕ್ಟ್ರಿಕ್ ಕಾರಿನವರು ಘಟ್ಟದ ಮೇಲೆ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಇಳಿದರೆ ಮೋಟಾರು ಶಕ್ತಿಯನ್ನು ಮರಳಿ ತುಂಬಲು ಜಾಗವಿರದೆ, ಹೊರೆ ಮತ್ತೆ ಪ್ಯಾಡಿನ ಮೇಲೇ ಬೀಳುತ್ತದೆ. ಮಟ್ಟಸ ರಸ್ತೆಯಲ್ಲಷ್ಟೇ ಕಲಿಸಿ ಲೈಸೆನ್ಸಿಗೆ ಕಳುಹಿಸುವ ತರಬೇತಿಯಲ್ಲಿ ಇದ್ಯಾವುದೂ ಬರುವುದಿಲ್ಲವೆಂಬುದು ಗಂಭೀರ ಕೊರತೆ.

ಪೆಡಲ್ ಕುಸಿದೇಬಿಟ್ಟರೆ ಅದನ್ನು ಬೇಗಬೇಗ ಪಂಪ್ ಮಾಡುತ್ತ, ಒಂದೊಂದೇ ಗೇರ್ ಇಳಿಸುತ್ತ, ಹ್ಯಾಂಡ್‌ಬ್ರೇಕನ್ನು ಮೆಲ್ಲಗೆ ಎಳೆಯಬೇಕು. ನಿಂತ ಮೇಲೆ ಬಿಸಿ ಡಿಸ್ಕಿಗೆ ನೀರು ಎರಚಬಾರದು, ಲೋಹ ಸೊಟ್ಟಗಾಗಬಹುದು ಅಥವಾ ಬಿರುಕು ಬಿಡಬಹುದು. ತಾನಾಗಿ ತಣಿಯುವವರೆಗೆ ಕಾದು, ಪೆಡಲ್ ಮತ್ತೆ ಗಟ್ಟಿಯಾದರೂ ನೇರ ಮೆಕ್ಯಾನಿಕ್ ಬಳಿಗೇ ಹೋಗಬೇಕು.