ಖಾಲಿ ಜಾಗದ ವಿಭಕ್ತಿ: ವಿಷಯ ನಿರ್ವಹಣಾ ತಂತ್ರಾಂಶಗಳ ಕನ್ನಡವನ್ನು ಕುರಿತು

ವಿಷಯ ನಿರ್ವಹಣಾ ತಂತ್ರಾಂಶಗಳ ಕನ್ನಡೀಕರಣದ ಚರ್ಚೆ ಬಹುಮಟ್ಟಿಗೆ ಅಕ್ಷರವಿನ್ಯಾಸ, ಯೂನಿಕೋಡ್ ಮತ್ತು ಪಾರಿಭಾಷಿಕ ಪದಗಳ ಸುತ್ತಲೇ ನಡೆದಿದೆ. ಈ ತಂತ್ರಾಂಶಗಳು ವಾಕ್ಯವನ್ನು ಕಟ್ಟುವ ಬಗೆಯೇ ಕನ್ನಡದ ವಿಭಕ್ತಿವ್ಯವಸ್ಥೆಗೆ ಒಗ್ಗುವುದಿಲ್ಲವೆಂಬುದು ನಮ್ಮ ವಾದ.

2003ರಲ್ಲಿ ಬಿಡುಗಡೆಯಾದ ವರ್ಡ್‌ಪ್ರೆಸ್ ಅನುವಾದಕ್ಕಾಗಿ ಗೆಟ್‌ಟೆಕ್ಸ್ಟ್ ಪದ್ಧತಿಯನ್ನು ಅವಲಂಬಿಸಿದೆ. ಇದರಲ್ಲಿ ಅನುವಾದಕರಿಗೆ ದೊರೆಯುವುದು ಖಾಲಿ ಜಾಗವುಳ್ಳ ವಾಕ್ಯ. ಊರಿನ ಅಥವಾ ಲೇಖಕರ ಹೆಸರನ್ನು ತಂತ್ರಾಂಶವು ಅನಂತರ ತುಂಬುತ್ತದೆ. ವಚನಭೇದಕ್ಕೆ ಅಲ್ಲಿ ಏರ್ಪಾಡಿದೆ, ವಿಭಕ್ತಿಗಿಲ್ಲ. ಹೆಸರಿಗೆ ಮೊದಲು ಬಿಡಿಪದವನ್ನಿರಿಸುವ ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡಕ್ಕೆ ಸಾಲದು. ಮೈಸೂರಿನ ಅಂಚಿನ ಹೂಟಗಳ್ಳಿಯನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಸಪ್ತಮಿಯಲ್ಲಿ ಹೂಟಗಳ್ಳಿಯಲ್ಲಿ, ಮೈಸೂರಿನಲ್ಲಿ, ಹಾಸನದಲ್ಲಿ. ಚತುರ್ಥಿಯಲ್ಲಿ ಹೂಟಗಳ್ಳಿಗೆ, ಮೈಸೂರಿಗೆ, ಹಾಸನಕ್ಕೆ. ಪ್ರತ್ಯಯದ ರೂಪವನ್ನು ನಿರ್ಧರಿಸುವುದು ಪ್ರಕೃತಿ. ಅನುವಾದದ ಹೊತ್ತಿಗೆ ಆ ಪ್ರಕೃತಿಯೇ ಅಜ್ಞಾತ.

ಅನುವಾದಕರು ‘-ನಲ್ಲಿ’ಯನ್ನು ಆರಿಸಿಕೊಂಡರೆ ಅದು ನಿರಾಧಾರವಲ್ಲ: ವ್ಯಂಜನಾಂತವಾದ ಎರವಲು ಪದಗಳಿಗೆ ಅದು ಸಹಜವಾಗಿ ಸೇರುತ್ತದೆ (ಫೇಸ್‌ಬುಕ್‌ನಲ್ಲಿ). ಆದರೆ ಅದೇ ಜಾಗಕ್ಕೆ ಹೂಟಗಳ್ಳಿ ಬಂದರೆ ‘ಹೂಟಗಳ್ಳಿನಲ್ಲಿ’ ಎಂಬ ಅಸಾಧು ರೂಪ ಮೂಡುತ್ತದೆ. ‘ಹೂಟಗಳ್ಳಿ ಎಂಬ ಊರಿನಲ್ಲಿ’ ಎಂದು ಬರೆದು ಪ್ರತ್ಯಯವನ್ನು ಸ್ಥಿರಪದಕ್ಕೆ ವರ್ಗಾಯಿಸಬಹುದು. ವ್ಯಾಕರಣ ಉಳಿಯುತ್ತದೆ, ಆದರೆ ವಾಕ್ಯರಚನೆಯನ್ನು ಆಯ್ದದ್ದು ಬರೆಯುವವರಲ್ಲ, ಯಂತ್ರ.

ಇದು ಅನಿವಾರ್ಯವೇನಲ್ಲ. ವಿಕಿಪೀಡಿಯದ ಆಧಾರವಾದ ಮೀಡಿಯಾವಿಕಿಯಲ್ಲಿ ಅನುವಾದಕರು ವಿಭಕ್ತಿಯನ್ನು ಸೂಚಿಸಿದರೆ ತಂತ್ರಾಂಶವೇ ರೂಪವನ್ನು ಸಾಧಿಸುವ ಸೌಲಭ್ಯವಿದೆ; ಫಿನ್ನಿಶ್ ಅದರ ಪ್ರಯೋಜನ ಪಡೆದಿದೆ. ಕನ್ನಡದ ಸ್ಥಳನಾಮಗಳಲ್ಲಿ ಅಂತ್ಯಸ್ವರವೇ ಬಹುಪಾಲು ರೂಪಗಳನ್ನು ತಿಳಿಸುತ್ತದೆ. ಆದರೆ ಹಾಸನದಲ್ಲಿ–ರಾಮನಲ್ಲಿ ಎಂಬ ಭೇದಕ್ಕೆ ಹೆಸರು ಮನುಷ್ಯವಾಚಕವೇ ಎಂಬುದೂ ತಿಳಿದಿರಬೇಕು. ಊರಿನಲ್ಲಿ–ಗುರುವಿನಲ್ಲಿ ಎಂಬ ಭೇದಕ್ಕೆ ನಿಘಂಟಿನ ನೆರವು ಬೇಕು. ಇವು ಪ್ರೋಗ್ರಾಮರುಗಳು ಊಹಿಸಿ ಬರೆಯುವ ನಿಯಮಗಳಲ್ಲ; ಭಾಷಾವಿಜ್ಞಾನಿಗಳು ಒದಗಿಸಬೇಕಾದವು.

ಈ ಹೊಣೆಯನ್ನು ಮುಂದೂಡಿದರೆ ನಮ್ಮ ಸಂಶೋಧನೆಗೇ ಹಾನಿ. ಜಾಲದಿಂದ ಸಂಗ್ರಹಿಸಿದ ಪಠ್ಯಕೋಶದಲ್ಲಿ ತಂತ್ರಾಂಶವು ಜೋಡಿಸಿದ ‘ಹೂಟಗಳ್ಳಿನಲ್ಲಿ’ಗೂ ಭಾಷಿಕರು ಬರೆದ ರೂಪಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಒಂದೇ ಅಚ್ಚಿನ ಪುನರಾವರ್ತನೆಯನ್ನು ಪ್ರತ್ಯಯಗಳ ಏಕರೂಪೀಕರಣವೆಂದು, ಅಂದರೆ ಭಾಷಾ ಪರಿವರ್ತನೆಯೆಂದು, ವಿವರಿಸುವ ಅಪಾಯ ಇಲ್ಲಿದೆ. ಆದ್ದರಿಂದ ಜಾಲಪಠ್ಯವನ್ನು ಆಧರಿಸುವ ಯಾವುದೇ ರೂಪವಿಚಾರವು ಮೊದಲು ಅಚ್ಚುವಾಕ್ಯಗಳನ್ನು ಬೇರ್ಪಡಿಸಬೇಕು; ಎಣಿಕೆ ಅನಂತರದ್ದು.