ಹೂಂಗುಟ್ಟುವವರಿಲ್ಲದ ಮಾತು

ವಾಟ್ಸಾಪಿಗೆ ಧ್ವನಿ ಸಂದೇಶ ಬಂದದ್ದು 2013ರಲ್ಲಿ. ಈಗ ನಮ್ಮ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬದಲಾದದ್ದು, ಲಾರಿ ಬಂದದ್ದು, ಮಿಷಿನ್ನು ಕೆಟ್ಟದ್ದು ಎಲ್ಲವೂ ಅದರಲ್ಲೇ ಓಡಾಡುತ್ತವೆ. ಇಷ್ಟು ಜನ ದಿನವೂ ಬಳಸುವ ಒಂದು ಮಾತಿನ ಪ್ರಕಾರವನ್ನು ವಿಮರ್ಶೆ ಮಾಡಬಾರದೇಕೆ? ಇಲ್ಲಿನ ಕಾರ್ಖಾನೆಯೊಂದರಲ್ಲಿರುವ ನನ್ನ ತಂಗಿಯ ಮಗ ತನ್ನ ಗುಂಪಿನ ಒಂದು ವಾರದ ಸಂದೇಶಗಳನ್ನು ಕೇಳಿಸಿದ. ಕಥಾಸಂಕಲನ ಓದುವಷ್ಟೇ ಗಮನದಿಂದ ಕೇಳಿದೆ.

ಮೊದಲು ಹಿಡಿಸಿದ್ದು ಭಾಷೆ. ಟೈಪು ಮಾಡುವಾಗ ಈ ಹುಡುಗರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ತುಂಡು ತುಂಡಾಗಿ ಒತ್ತುತ್ತಾರೆ. ಬಾಯಿ ಬಿಟ್ಟರೆ ಬೇರೆಯೇ: "ಅಣ್ಣೋ, ಆ ಬೆಲ್ಟು ಇನ್ನೊಂದ್ ಗಳಿಗೆ ಓಡಾಕಿಲ್ಲ, ಬಂದ್ ನೋಡು, ಆಮ್ಯಾಕೆ ನನ್ನ ಬೈಬ್ಯಾಡ." ಆರೇಳು ಸೆಕೆಂಡಿನಲ್ಲಿ ವರದಿ, ಎಚ್ಚರಿಕೆ, ನಿರೀಕ್ಷಣಾ ಜಾಮೀನು ಮೂರೂ ಆಯಿತು! ವಿಡಿಯೊಗಳು ಇನ್ನೂ ಮಿತಭಾಷಿ. ಅಲುಗಾಡುವ ಬೋಲ್ಟಿನ ಮೇಲೆ ಬೆರಳಿಟ್ಟು ತೋರಿಸಿದರೆ ಮುಗಿಯಿತು.

ಮೇಲಿನವರ ಶೈಲಿ ಬೇರೆ. ಮೂರು ಮೂರು ನಿಮಿಷ. "ಎಲ್ರೂ ಕೇಳಿಸ್ಕೊಳ್ಳಿ" ಎಂದು ಶುರುವಾಗಿ, ಶಿಸ್ತಿನ ಮೇಲೆ ಒಂದಷ್ಟು ಹರಿದು, ಕೊನೆಗೆಲ್ಲೋ ಅಸಲು ವಿಷಯ: ಭಾನುವಾರ ಬರಬೇಕು. ಕೇಳುವವರು ಎರಡರಷ್ಟು ವೇಗದಲ್ಲಿ ಓಡಿಸುತ್ತಾರೆ. ಆ ವೇಗದಲ್ಲಿ ಗದರಿಕೆಯೂ ವಿನಂತಿಯೂ ಒಂದೇ ಥರ ಕೇಳುತ್ತವೆ.

ನಮ್ಮ ಹಳ್ಳಿಗಳಲ್ಲಿ ಕಥೆ ಹೇಳುವ ಅಜ್ಜಿಗೆ ಹೂಂಗುಟ್ಟುವವರು ಬೇಕು. ಹೂಂ ನಿಂತರೆ ಕಥೆ ನಿಲ್ಲುತ್ತದೆ. ಮಗು ಮಲಗಿತೋ, ಅನುಮಾನ ಬಂತೋ ಎಂದು ಅಜ್ಜಿ ನೋಡುತ್ತಾಳೆ. ಧ್ವನಿ ಸಂದೇಶದಲ್ಲಿ ಹೂಂ ಎನ್ನುವುದು ಒಂದು ಪುಟ್ಟ ಮೈಕಿನ ಚಿತ್ರ. ಕೇಳಿಸಿಕೊಂಡರೆ ಅದು ನೀಲಿಯಾಗುತ್ತದೆ. ಕೇಳಿದ್ದಾನೆ ಎನ್ನುವುದಕ್ಕಷ್ಟೇ ಅದು ಸಾಕ್ಷಿ. ಸೂಪರ್‌ವೈಸರ್ ಅದನ್ನು ಒಪ್ಪಿದ್ದಾನೆ ಎಂದು ಓದಿಕೊಳ್ಳುತ್ತಾರೆ. ಸೋಮವಾರ "ಕೇಳಿದ್ಯಲ್ಲ, ಯಾಕ್ ಬರ್ಲಿಲ್ಲ?" ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಇದರ ಪಕ್ಕದಲ್ಲಿ ಹಳೆಯ ನೋಟೀಸು ಬೋರ್ಡನ್ನು ಇಟ್ಟು ನೋಡಿ. ಕೆಲಸದ ಅವಧಿಯ ನೋಟೀಸು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕು, ಬಾಗಿಲ ಬಳಿ ಎದ್ದು ಕಾಣಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಆ ನೋಟೀಸುಗಳದ್ದು ಒಣ ಗದ್ಯ, ನಿಜ. ಆದರೆ ಅದರ ಮೇಲೆ ಬೆರಳಿಟ್ಟು "ಇಲ್ಲಿ ಹೀಗೆ ಬರೆದಿದೆಯಲ್ಲ ಸಾರ್" ಎನ್ನಬಹುದಿತ್ತು. 2023ರಲ್ಲಿ ಕರ್ನಾಟಕ ತನ್ನ ತಿದ್ದುಪಡಿಯಲ್ಲಿ ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ 144ಕ್ಕೆ ಏರಿಸಿತು. ಹೆಚ್ಚುವರಿ ದುಡಿಮೆಗೆ ದಾರಿ ಅಗಲವಾದ ಹೊತ್ತಿನಲ್ಲೇ ಅದಕ್ಕೆ ಕರೆಯುವ ಮಾತು ಗೋಡೆಯಿಂದ ಇಳಿದು, ಕಳಿಸಿದವರೇ ಎಲ್ಲರ ಫೋನಿನಿಂದ ಅಳಿಸಬಹುದಾದ ಜಾಗಕ್ಕೆ ಬಂದಿದೆ. ಹುಡುಗರ ಬೆಲ್ಟು-ಬೋಲ್ಟಿಗೆ ಹೇಳಿ ಮಾಡಿಸಿದಂತಿರುವ ಈ ಪ್ರಕಾರ, ಸಂಬಳ-ರಜೆಯ ಮಾತಿಗೆ ಬಂದಾಗ ಹೇಳುವವರ ಕಡೆಗೇ ವಾಲುತ್ತದೆ.

ಆ ವಾರದ ಸಂದೇಶಗಳಲ್ಲಿ ನನಗೆ ಅತ್ಯುತ್ತಮ ಎನಿಸಿದ್ದು ಧ್ವನಿಯಲ್ಲಿರಲಿಲ್ಲ. ಮೂರು ನಿಮಿಷದ ಆಜ್ಞೆಯೊಂದರ ಕೆಳಗೆ, ಪ್ಯಾಕಿಂಗಿನ ಹೆಣ್ಣುಮಗಳೊಬ್ಬಳು ಟೈಪು ಮಾಡಿದ್ದಳು: "ಭಾನುವಾರ 8 ಗಂಟೆ, ಓಟಿ ಡಬಲ್. ಸರಿನಾ ಸಾರ್?" ಅರ್ಧ ದಿನ ಉತ್ತರವಿಲ್ಲ. ಸಂಜೆ ಸಾರ್ ಒಂದು ಹೆಬ್ಬೆಟ್ಟು ಒತ್ತಿದ್ದರು.